ಚೀಲದಲ್ಲಿ ಕಡ್ಲೆ

29 ಸೆಪ್ಟೆಂಬರ್ 2024, ಭಾನುವಾರ
ರಾತ್ರಿ ಹನ್ನೊಂದೂವರೆ

ಇವತ್ತು ಒಂದು ಸುಳ್ಳು ಹೇಳಿದೆ. ದೊಡ್ಡದೇನಲ್ಲ. ಮಾರ್ಕೆಟ್ಟಿನ ಹೂವಿನವಳ ಹತ್ತಿರ. ಅವಳು ಅದನ್ನು ಆಗಲೇ ಮರೆತಿರುತ್ತಾಳೆ. ನನಗೆ ಮಾತ್ರ ಬೆಳಗ್ಗೆಯಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿದೆ.

ನಮ್ಮ ನಾಯಿಮರಿ ಕಡ್ಲೆಗೆ ನಿನ್ನೆಗೆ ಹನ್ನೊಂದು ವಾರ. ಗಣೇಶನ ಹಬ್ಬದ ಮಾರನೇ ದಿನ ಮನೆಗೆ ಬಂತು, ಅಂದರೆ ಇವತ್ತಿಗೆ ಮೂರು ವಾರ. ಎರಡು ಇಂಜೆಕ್ಷನ್ ಆಗಿದೆ, ಇನ್ನೊಂದು ಬಾಕಿ. ಅದಾಗಿ ಹತ್ತು ಹದಿನೈದು ದಿನ ಕಳೆಯುವ ತನಕ ಬೀದಿಯ ನೆಲಕ್ಕೆ ಬಿಡಬೇಡಿ ಅಂದಿದ್ದಾರೆ ಡಾಕ್ಟರ್. ಪಾರ್ವೊ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದಂತೆ. ಸರಿ ಅಂದೆ. ಅದೇ ಡಾಕ್ಟರ್ ಚೀಟಿ ಬರೆಯುತ್ತಾ ಇನ್ನೊಂದು ಮಾತೂ ಹೇಳಿದರು. ಹನ್ನೆರಡು ಹದಿನಾಲ್ಕು ವಾರದೊಳಗೆ ಮರಿ ಏನೇನು ನೋಡಿ, ಕೇಳಿ, ಮೂಸಿರುತ್ತದೋ ಅದೆಲ್ಲ ಅದಕ್ಕೆ ಮಾಮೂಲಿ ಆಗುತ್ತದೆ. ಆಮೇಲೆ ಕಂಡ ಹೊಸದಕ್ಕೆಲ್ಲ ಮೊದಲು ಹೆದರಿಕೆ. ಅದಕ್ಕೇ ಈಗಲೇ ಜನ ತೋರಿಸಿ, ಗಾಡಿ ತೋರಿಸಿ, ಸದ್ದು ಕೇಳಿಸಿ ಅಂದರು.

ಹೊರಗೆ ಬಿಡಬೇಡಿ, ಆದರೆ ಹೊರಗಿನದೆಲ್ಲ ತೋರಿಸಿ. ಒಳ್ಳೇ ಕಥೆ.

ಅದಕ್ಕೇ ಚೀಲ. ಅಮ್ಮನ ಸೀರೆ ಅಂಗಡಿಯ ದಪ್ಪ ಬಟ್ಟೆ ಚೀಲ ಇತ್ತಲ್ಲ, ಅದರ ತಳಕ್ಕೆ ರಟ್ಟು ಹಾಕಿ, ಮೇಲೆ ಹಳೇ ಟವಲ್ ಮಡಿಸಿಟ್ಟಿದ್ದೇನೆ. ರಟ್ಟು ಇಲ್ಲದಿದ್ದರೆ ಬೆನ್ನು ಜೋಲುತ್ತದೆ. ಡ್ಯಾಶ್‌ಹೌಂಡ್‌ ಜಾತಿಯ ನಾಯಿಗೆ ಬೆನ್ನೇ ಎಲ್ಲ. ಅಷ್ಟು ಉದ್ದದ ಬೆನ್ನು, ನಾಲ್ಕು ಗಿಡ್ಡ ಕಾಲು. ಮೆಟ್ಟಿಲು ಹತ್ತಿಳಿಯೋದು, ಸೋಫಾ ಮೇಲಿಂದ ಧುಮುಕೋದು ಅಭ್ಯಾಸವಾದರೆ ಮುಂದೆ ಬೆನ್ನುಮೂಳೆ ನಡುವಿನ ಡಿಸ್ಕ್ ಜಾರಿ ಹಿಂಗಾಲಿನ ಸ್ವಾಧೀನವೇ ಹೋಗಬಹುದು. ಎತ್ತುವಾಗಲೂ ಒಂದು ಕೈ ಎದೆಗೆ, ಒಂದು ಕೈ ಕುಂಡಿಗೆ. ಪುಟ್ಟಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅವಳು ಕಂಕುಳಿಗೆ ಕೈ ಹಾಕಿ ಬೆಕ್ಕಿನ ತರ ನೇತಾಡಿಸುತ್ತಾಳೆ.

ಮೂರು ವಾರದಲ್ಲಿ ಮನೆಯೊಳಗಿನದೆಲ್ಲ ಆಯಿತು. ಕುಕ್ಕರ್ ಸೀಟಿ, ಮಿಕ್ಸಿ, ಮೇಲಿಂದ ಬಿದ್ದ ಸ್ಟೀಲ್ ತಟ್ಟೆ (ಇದು ನಾನು ಮಾಡಿಸಿದ್ದಲ್ಲ, ಅಮ್ಮನ ಕೈಜಾರು). ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬಂದ ಇವರನ್ನು ನೋಡಿ ಮೊದಲ ದಿನ ಒಂದು ಹನಿ ಉಚ್ಚೆ ಬಿಟ್ಟಿತು, ಮೂರನೇ ದಿನ ಹೆಲ್ಮೆಟ್ಟಿನೊಳಗೇ ಮುಖ ತೂರಿಸಿತು. ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವ ಸದ್ದಿಗೆ ಮಾತ್ರ ಈಗಲೂ ಆಗೋದಿಲ್ಲ, ಫ್ರಿಜ್ ಹಿಂದೆ ಓಡುತ್ತದೆ. ದೀಪಾವಳಿ ಬೇರೆ ಬರುತ್ತಿದೆ. ಊಟ ಹಾಕುವಾಗ ಮೊಬೈಲಿನಲ್ಲಿ ಪಟಾಕಿ ಸದ್ದು, ಕೇಳಿಸಿಯೂ ಕೇಳಿಸದ ಹಾಗೆ ಸಣ್ಣಗೆ ಹಾಕುತ್ತೇನೆ. ದಿನಕ್ಕೊಂದು ಚೂರು ಜಾಸ್ತಿ. ಪಕ್ಕದ ಮನೆ ಅಂಕಲ್ ಬಂದು, "ಏನಮ್ಮಾ, ಮಹಾಲಯ ಅಮಾವಾಸ್ಯೆಗೆ ಮುಂಚೆನೇ ದೀಪಾವಳಿ ಶುರು ಮಾಡಿದ್ಯಾ?" ಅಂದರು.

ಇವತ್ತು ಆನೆ ತೋರಿಸೋಣ ಅನ್ನಿಸಿತು. ಯಾಕೆ ಅಂತ ಕೇಳಬೇಡಿ. ಮೈಸೂರಿನಲ್ಲಿ ಹುಟ್ಟಿದ ಮರಿ, ದಸರಾ ತಿಂಗಳು. ಬೆಳಗ್ಗೆ ಎದ್ದು ಆಟೋ ಹತ್ತಿ ದೇವರಾಜ ಮಾರ್ಕೆಟ್ ಹತ್ತಿರ ಇಳಿದೆ. ಅರಮನೆಯಿಂದ ಬನ್ನಿಮಂಟಪಕ್ಕೆ ತಾಲೀಮಿಗೆ ಹೋಗುವ ಆನೆಗಳು ಸಯ್ಯಾಜಿರಾವ್ ರಸ್ತೆಯಲ್ಲೇ ಹೋಗಬೇಕಲ್ಲ. ಇವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಮೊನ್ನೆ ಕಂಜನ್ ಆನೆಯ ಕಥೆ ತೆಗೀತಿದ್ದರು. ಇನ್ನೊಂದು ಆನೆ ಧನಂಜಯ ಅಟ್ಟಿಸಿಕೊಂಡು ಬಂದು, ಕಂಜನ್ ರಾತ್ರಿ ಹೊತ್ತು ಅರಮನೆ ಬಾಗಿಲಿಂದ ರಸ್ತೆಗೇ ಓಡಿ ಬಂದಿದ್ದು ಊರಿಗೆಲ್ಲ ಗೊತ್ತು.

ಮಾರ್ಕೆಟ್ ಗೋಡೆ ಪಕ್ಕ ಒಬ್ಬಳು ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಾಳೆನಾರು ನೆನೆಸಿದ ಸ್ಟೀಲ್ ಡಬ್ಬಿ ಪಕ್ಕದಲ್ಲಿ. ನಾನು ಅವಳ ಹಿಂದೆ, ರಸ್ತೆಯಿಂದ ಆದಷ್ಟು ದೂರ ನಿಂತೆ.

"ಏನಕ್ಕ ಅದು, ಮೊಲವಾ?"

"ನಾಯಿಮರಿ ಕಣಮ್ಮ."

"ನಾಯಾ? ಕಾಲೇ ಇಲ್ವಲ್ಲ!"

ಅಷ್ಟರಲ್ಲಿ ಪೊಲೀಸರ ಸೀಟಿ. ಅಭಿಮನ್ಯು ಮುಂದೆ, ಹಿಂದೆ ಸಾಲು. ಆನೆ ನಡೆದರೆ ಸದ್ದೇ ಆಗೋದಿಲ್ಲ ಅನ್ನೋದನ್ನು ಪ್ರತಿ ವರ್ಷ ಮರೀತೀನಿ. ಗಂಟೆ, ಸರಪಳಿ, ಜನರ ಕೂಗು, ಇಷ್ಟೇ. ಚೀಲದೊಳಗೆ ಕಡ್ಲೆ ಮೊದಲು ಒಂದು ಆಕಳಿಕೆ ತೆಗೆಯಿತು. ನಿದ್ದೆಯ ಆಕಳಿಕೆ ಅಲ್ಲ ಅದು. ಆಮೇಲೆ ನಾಲಿಗೆಯಿಂದ ಮೂಗು ನೆಕ್ಕಿಕೊಂಡಿತು, ಎರಡು ಸಲ. ಕಿವಿ ಹಿಂದಕ್ಕೆ ಅಂಟಿಹೋಯಿತು. ಪನೀರ್ ಚೂರು ಮೂಗಿನ ಹತ್ತಿರ ಹಿಡಿದೆ. ಪುಟ್ಟಿಯ ಕಿರುಬೆರಳ ಉಗುರಿನಷ್ಟು. ತಿನ್ನಲಿಲ್ಲ. ಪನೀರ್ ಬೇಡ ಅಂದರೆ ಹತ್ತಿರ ಜಾಸ್ತಿ ಆಯಿತು ಅಂತ ಅರ್ಥ. ಹಿಂದಕ್ಕೆ ಸರಿಯಬೇಕು. ನನ್ನ ಹಿಂದೆ ಗೋಡೆ. ಬದಿಗೆ ಜನ.

ಇಂಥ ಒಂದು ಹೆದರಿಕೆ ಸಾಕು, ಮೂರು ವಾರದ ಕೆಲಸ ನೀರಲ್ಲಿ ಹೋಮ. ಯಾಕೆ ಬಂದೆನೋ ಅನ್ನಿಸಿಬಿಟ್ಟಿತು.

ಹೂವಿನವಳು ಎದ್ದು ನನಗೂ ರಸ್ತೆಗೂ ಮಧ್ಯ ನಿಂತಳು. ಬೇಕಂತ ನಿಂತಳೋ, ಆನೆ ನೋಡೋಕೆ ಎದ್ದಳೋ ಗೊತ್ತಿಲ್ಲ. ಆಮೇಲೆ ತಿರುಗಿ ಚೀಲದ ಹತ್ತಿರ ಕೈ ತಂದಳು. ಎಲ್ಲರೂ ಮಾಡೋದು ಒಂದೇ, ಮೇಲಿಂದ ತಲೆ ಮೇಲೆ ಕೈ ಇಡೋದು. ಬೊಗಸೆಯಷ್ಟು ಇರುವ ಮರಿಗೆ ಮೇಲಿಂದ ಬರುವ ಕೈ ಅಂದರೆ ಹದ್ದು ಎರಗಿದ ಹಾಗೆ. ಬೇಡ ಅನ್ನೋಣ ಅಂತ ಬಾಯಿ ತೆಗೆದೆ. ಆದರೆ ಅವಳು ಅಂಗೈ ಮೇಲೆ ಮಾಡಿ, ಕೆಳಗಿನಿಂದ, ಗದ್ದದ ಹತ್ತಿರ ಹಿಡಿದಳು. ಸುಮ್ನೆ ಹಿಡಿದಿದ್ದಳು, ಮುಟ್ಟಲಿಲ್ಲ. ಒದ್ದೆ ಕೈ. ಮಲ್ಲಿಗೆ, ನಾರು, ಸ್ವಲ್ಪ ಸುಣ್ಣ. ಕಡ್ಲೆ ಮೂಸಿತು. ಒಂದು ಬೆರಳು, ಇನ್ನೊಂದು ಬೆರಳು, ಮಣಿಕಟ್ಟಿನ ಬಳೆ. ಆಮೇಲೆ ಸೀನಿತು. ಪನೀರ್ ಹಿಡಿದೆ, ತಿಂದಿತು.

"ಕೆಳಕ್ಕೆ ಬುಡಲ್ವಾ?"

"ಇನ್ನೊಂದು ಇಂಜೆಕ್ಷನ್ ಆಗಬೇಕು. ಅಲ್ಲಿವರೆಗೆ ಎತ್ಕೊಂಡೇ ಊರು ತೋರಿಸಬೇಕು."

"ಓ, ಕೂಸ್ನ ಸೊಂಟದ್ ಮ್ಯಾಲೆ ಕೂರಿಸ್ಕಂಡು ಜಾತ್ರೆ ತೋರ್ಸ್‌ದಂಗೆ," ಅಂದಳು. ನಾನು ಡಾಕ್ಟರ್ ಹೇಳಿದ್ದು, ಎಲ್ಲೆಲ್ಲೋ ಓದಿದ್ದು, ಎಲ್ಲ ಸೇರಿಸಿ ಇವರಿಗೆ ಅರ್ಧ ಗಂಟೆ ವಿವರಿಸಿದ್ದೆ. ಅವಳಿಗೆ ಒಂದು ಸಾಲು ಸಾಕಾಯಿತು.

ಆಮೇಲೆ ಆನೆ ಮಾತು ಬಂತು. ಆಗಸ್ಟ್‌ನಲ್ಲಿ ಕಾಡಿಂದ ಬಂದಾಗಿನಿಂದ ಅವಳು ನೋಡುತ್ತಿದ್ದಾಳೆ. ಮೊದಲು ಬರೀ ನಡಿಗೆ. ಆಮೇಲೆ ಬೆನ್ನ ಮೇಲೆ ಮರಳು ಮೂಟೆ. ಆಮೇಲೆ ಮರದ ಅಂಬಾರಿ. ಕೊನೆಗೆ 750 ಕೆಜಿಯ ಚಿನ್ನದ ಅಂಬಾರಿ, ಅದು ಅಭಿಮನ್ಯುವಿಗೆ ಮಾತ್ರ. ಕುಶಾಲತೋಪಿನ ಸದ್ದಿಗೂ ಹೀಗೇ ಅಭ್ಯಾಸ. ದಸರಾಕ್ಕೆ ಮುಂಚೆ ಆನೆಗಳನ್ನೂ ಪೊಲೀಸ್ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಹಾರಿಸುತ್ತಾರೆ. ಜಂಬೂ ಸವಾರಿ ದಿನ 21 ಸಲ ಢಂ ಅಂದಾಗ ಬೆಚ್ಚಬಾರದು. ಹೊಸದಾಗಿ ಬಂದ ಆನೆ ಬೆಚ್ಚಿದರೂ ಪಕ್ಕದ ಹಳೇ ಆನೆ ಸುಮ್ನೆ ನಿಂತಿರೋದನ್ನು ನೋಡಿ ಅದೂ ನಿಲ್ಲುತ್ತದೆ. ಈ ವರ್ಷ ಏಕಲವ್ಯ ಹೊಸಬ. "ಪಕ್ಕದಲ್ಲಿ ದೊಡ್ಡೋರು ನಿಂತಿದ್ರೆ ಚಿಕ್ಕವಕ್ಕೆ ಧೈರ್ಯ," ಅಂದಳು. ನನಗೆ ತಟ್ಟಿದ್ದು ಬೇರೆ. ಆನೆಗೆ ಮೂಟೆ ಮೇಲೆ ಮೂಟೆ ಇಟ್ಟು ನಿಧಾನವಾಗಿ ಏರಿಸುತ್ತಾರೆ. ನಾನು ಕಡ್ಲೆಗೆ ಮೊದಲನೇ ದಿನವೇ ಅಂಬಾರಿ ಹೊರಿಸಿಬಿಟ್ಟೆ. ಮೊದಲು ಒಂದು ಹಸು ತೋರಿಸಬಹುದಿತ್ತಲ್ಲ?

ಆಮೇಲೆ ಅವಳು ಕೇಳಿದಳು. "ಬೀದೀಲಿ ಇಷ್ಟೊಂದ್ ಮರಿ ಬಿದ್ದವೆ. ಇದ್ನ ಕಾಸ್ ಕೊಟ್ಟು ತಂದ್ರಾ ಅಕ್ಕ?"

"ಇಲ್ಲ, ಗೊತ್ತಿರೋರು. ಸುಮ್ನೆ ಕೊಟ್ರು."

12,000 ರೂಪಾಯಿ. ಅದೂ ಚೌಕಾಸಿ ಮಾಡಿ.

ಯಾಕೆ ಹಾಗಂದೆ? ಅವಳ ಬುಟ್ಟಿಯ ಹಿಂದೆ ಗೋಣಿಚೀಲದ ಮೇಲೆ ಕಂದು ಬಣ್ಣದ ಬೀದಿನಾಯಿ ಮಲಗಿತ್ತು. ಕಿವಿ ತುದಿ ಕತ್ತರಿಸಿತ್ತು, ಅಂದರೆ ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಅವಳು ಬನ್ನಿನ ಅರ್ಧ ಅದಕ್ಕೆ ಹಾಕಿ ಅರ್ಧ ತಾನು ತಿನ್ನುತ್ತಿದ್ದಳು. ಅಷ್ಟು ಆನೆ ಹೋದವು, ಸೀಟಿ, ಕೂಗು, ಬಸ್ಸಿನ ಹಾರ್ನ್. ಆ ನಾಯಿ ಒಂದು ಸಲ ಕಿವಿ ಅಲ್ಲಾಡಿಸಿತು ಅಷ್ಟೇ. ಅದಕ್ಕೆ ಯಾರು ಮೊಬೈಲಿನಲ್ಲಿ ಪಟಾಕಿ ಕೇಳಿಸಿದ್ದರು? ಕಣ್ಣು ಬಿಟ್ಟಾಗ ಮುಂದೆ ಕಂಡಿದ್ದೇ ಮಾರ್ಕೆಟ್ಟು.

ನಾವು ಆರಿಸಿದ ರೀತಿ ತಪ್ಪು ಅಂತ ಈಗಲೂ ಅನ್ನಿಸೋದಿಲ್ಲ. ಅಮ್ಮನಿಗೆ 74, ಮಂಡಿ ನೋವು. ಎಳೆದರೆ ಬೀಳಿಸುವ ನಾಯಿ ಬೇಡ. ಇವರ ಲ್ಯಾಬ್ರಡಾರ್ ಆಸೆ ಅಲ್ಲಿಗೇ ಮುಗಿಯಿತು. ಅಮ್ಮ ಕೇಳಿದ್ದು ಪಗ್, ಹಳೇ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೋಗ್ತಿತ್ತಲ್ಲ, ಅದು. ಆ ಚಪ್ಪಟೆ ಮೂಗಿನಲ್ಲಿ ಬೇಸಿಗೆ ಪೂರ್ತಿ ಗೊರ ಗೊರ ಅಂತ ಉಸಿರಿಗೆ ಒದ್ದಾಡೋದನ್ನು ನೋಡೋಕೆ ನನಗಾಗೋದಿಲ್ಲ ಅಂದೆ. ಹುಣಸೂರು ರಸ್ತೆಯ ಮನೆಯಲ್ಲಿ ಐದು ಮರಿ ಇದ್ದವು. ತಾಯಿ ಅಲ್ಲೇ ಇತ್ತು, ನಮ್ಮನ್ನು ಕಂಡು ಬಾಲ ಆಡಿಸಿತು. ಅದು ನೋಡಿಯೇ ಅರ್ಧ ಒಪ್ಪಿದ್ದೆ. ಒಂದು ಮರಿ ಎಲ್ಲರ ಮೇಲೆ ಹತ್ತಿ ಬಂದು ಶೂ ಲೇಸ್ ಎಳೆಯಿತು. ಇನ್ನೊಂದು ಮರಿ ಮೂಲೆ ಬಿಟ್ಟು ಬರಲೇ ಇಲ್ಲ. ಕಡ್ಲೆ ಬಂತು, ಚಪ್ಪಲಿ ಮೂಸಿತು, ವಾಪಸ್ ಹೋಯಿತು, ಮತ್ತೆ ಬಂತು. ಕೈಯಲ್ಲಿ ಅಂಗಾತ ಮಲಗಿಸಿದರೆ ಎರಡು ಸಲ ಒದ್ದು ಮೂರನೇದಕ್ಕೆ ಸುಮ್ಮನಾಯಿತು. 45 ದಿನಕ್ಕೇ ಒಯ್ಯಿರಿ ಅಂದರು ಆ ಮನೆಯವರು. ಎಂಟು ವಾರ ಆಗದೆ ಮರಿ ಮಾರಬಾರದು ಅಂತ 2017ರ ನಿಯಮವೇ ಇದೆ ಅಂದೆ. "ಅದೆಲ್ಲ ಯಾರು ನೋಡ್ತಾರೆ ಮೇಡಂ," ಅಂದರು. ಕಾದೆವು. ಕಚ್ಚಿದರೆ ಎಷ್ಟು ನೋಯುತ್ತದೆ ಅಂತ ಮರಿಗಳು ಕಲಿಯೋದು ಆ ಕೊನೆಯ ವಾರಗಳಲ್ಲೇ, ಒಂದಕ್ಕೊಂದು ಕಚ್ಚಿಕೊಂಡು.

ಕಲಿತಿದ್ದು ಏನೂ ಕಾಣಿಸ್ತಿಲ್ಲ ಅನ್ನಿ. ಪುಟ್ಟಿಯ ಕಾಲು ನೋಡಿದರೆ ಮುಳ್ಳಿನ ಪೊದೆಯಲ್ಲಿ ನಡೆದು ಬಂದ ಹಾಗಿದೆ. ಕಚ್ಚಿದ ತಕ್ಷಣ ಆಟ ನಿಲ್ಲಿಸಿ ಕಂಬದ ತರ ನಿಲ್ಲು ಅಂದರೆ ಕಿರುಚಿಕೊಂಡು ಓಡುತ್ತಾಳೆ. ಕಡ್ಲೆಗೆ ಅದಕ್ಕಿಂತ ಮಜಾ ಇನ್ನೇನು ಬೇಕು?

ಮಧ್ಯಾಹ್ನ ಊಟ ಮಾಡುವಾಗ ಅಮ್ಮನಿಗೆ ಆನೆ ಕಥೆ ಹೇಳಿದೆ. ಅಮ್ಮ ಅಂದರು, "ಪಿಂಕಿನ ಕರ್ಕೊಂಡು ಹೋಗಿದ್ರೆ ಆನೆಗೇ ಬೊಗಳಿರೋದು. ಅದರ ಬುದ್ಧಿನೇ ಹಾಗೆ."

ಪಿಂಕಿ. ನಮ್ಮ ಕೃಷ್ಣಮೂರ್ತಿಪುರಂ ಮನೆಯ ಬಿಳೀ ಪಾಮೋರಿಯನ್. ಪೊಮೆರೇನಿಯನ್ ಅಲ್ಲ, ಸ್ಪಿಟ್ಜ್ ಅಂತ ಈಗ ಗೊತ್ತು, ಆಗ ಎಲ್ಲರೂ ಹಾಗೇ ಅನ್ನೋರು. ಇಸ್ತ್ರಿಯವನನ್ನು ಎರಡು ಸಲ ಕಚ್ಚಿತ್ತು. ನೆಂಟರು ಬಂದರೆ ಹಿತ್ತಲಲ್ಲಿ ಕಟ್ಟಬೇಕು. ಆಟೋ ಕಂಡರೆ ಬೊಗಳು, ಕೊಡೆ ಕಂಡರೆ ಬೊಗಳು. ದೀಪಾವಳಿಗೆ ಮೂರು ದಿನ ಕಬ್ಬಿಣದ ಮಂಚದ ಕೆಳಗೆ, ಊಟವಿಲ್ಲ, ನೀರಿಲ್ಲ, ಒಂದೇ ನಡುಕ. ಅಪ್ಪ ಮಂಚದ ಕೆಳಗೆ ಕೈ ಹಾಕಿ ಎಳೆಯೋರು, ಅಪ್ಪನ ಕೈಗೂ ಹಲ್ಲು. ಹನ್ನೆರಡು ವರ್ಷ ಬದುಕಿತು. ಅಷ್ಟು ವರ್ಷವೂ ನಾವು ಅದನ್ನು ಸಿಡುಕಿ ಅಂದೆವು.

ತಿಂಗಳ ಮರಿ ತಂದಿದ್ದೆವು. ಹೊರಗೆ ಬಿಟ್ಟರೆ ಕಾಯಿಲೆ ಬರುತ್ತದೆ ಅಂತ ಯಾರೋ ಹೇಳಿದ್ದರು. ಆರು ತಿಂಗಳು ಗೇಟು ದಾಟಿಸಲಿಲ್ಲ. ನಾವು ನಾಲ್ಕು ಜನ, ಹಿತ್ತಲ ಸಂಪಿಗೆ ಮರ, ಒಂದು ಕಿಟಕಿ. ಅಷ್ಟೇ ಪ್ರಪಂಚ ಅದಕ್ಕೆ. ಆಮೇಲೆ ಒಂದಿನ ಚೈನ್ ಹಾಕಿ ನಾನೇ ಬೀದಿಗೆ ಎಳೆದುಕೊಂಡು ಹೋದೆ. ನನಗಾಗ ಹನ್ನೊಂದು ವರ್ಷ. ಮೂಲೆ ಅಂಗಡಿ ತನಕವೂ ಹೋಗಲಿಲ್ಲ. ನೆಲಕ್ಕೆ ಹೊಟ್ಟೆ ಅಂಟಿಸಿ ಕೂತುಬಿಟ್ಟಿತು. ನಾನು ಎಳೆದೆ. ಹುಡುಗರು ನಗುತ್ತಿದ್ದರು ಅಂತ ಇನ್ನೂ ಜೋರಾಗಿ ಎಳೆದೆ.

ಅಮ್ಮನಿಗೆ ಇದನ್ನು ಹೇಳಬೇಕು ಅಂತ ಬಾಯಿತನಕ ಬಂತು. ಅದರ ಬುದ್ಧಿ ಹಾಗಿರಲಿಲ್ಲ ಅಮ್ಮ, ಅಂತ. ಅಮ್ಮ ಮಜ್ಜಿಗೆ ಕಲಸಿಕೊಳ್ಳುತ್ತಾ ಕಡ್ಲೆಗೂ ಒಂದು ತುತ್ತು ಹಾಕಿಯೇಬಿಟ್ಟಿದ್ದರು, ನಾನು ಬೇಡ ಅಂದಷ್ಟೂ. ಹೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಮಾರ್ಕೆಟ್ಟಿಗೆ ಹೋಗಬೇಕು. ಆನೆಗಲ್ಲ. ಆನೆ ಇಲ್ಲದ ಹೊತ್ತಲ್ಲಿ, ಸುಮ್ನೆ ಹೂವು ತರೋಕೆ. ಅವಳಿಗೆ 12,000 ಅಂತ ಹೇಳೋದೋ ಬೇಡವೋ... ಹೇಳಿದರೆ ಏನಂದುಕೊಳ್ಳುತ್ತಾಳೆ. ಒಂದು ದಿನಕ್ಕೆ ಅವಳಿಗೆ ಎಷ್ಟು ಉಳಿಯುತ್ತದೋ.

ಕಡ್ಲೆ ಎದ್ದಿತು. ನೆಲ ಮೂಸುತ್ತಾ ಸುತ್ತು ಹೊಡೀತಿದೆ. ಪೇಪರ್ ಕಡೆಗೋ, ಅಮ್ಮನ ಚಾಪೆ ಕಡೆಗೋ, ತಡೀರಿ