ಕತ್ತಲೆಕಾನಿಗೆ ಹೋದ್ರೆ ಏನು ಕಾಣ್ಸುತ್ತೆ?

ಜೋಗಕ್ಕೆ ಹೊರಟ ಗೆಳೆಯರೆಲ್ಲ ನನ್ನನ್ನು ಕೇಳುವುದು ಇದನ್ನೇ: "ಕತ್ತಲೆಕಾನಿಗೂ ಹೋಗ್ಬರ್ತೀವಿ ಮಾರಾಯ, ಅಲ್ಲಿ ಏನು ಕಾಣ್ಸುತ್ತೆ? ಹುಲಿ?"

ಹುಲಿಯ ಆಸೆಯಿದ್ದರೆ ನಾಗರಹೊಳೆಯ ಸಫಾರಿ ಹತ್ತಿ. ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಪಕ್ಕದ ಈ ಕಾಡಲ್ಲಿ ನೋಡಬೇಕಾದ್ದೆಲ್ಲ ಒಂದೋ ಕಾಲಬುಡದಲ್ಲಿದೆ, ಇಲ್ಲವೇ ನೆತ್ತಿಯ ಮೇಲಿದೆ. ಎದುರಿಗೆ ನೋಡಿದರೆ ಬರೀ ಹಸಿರು.

ಕಾಲಬುಡದಲ್ಲಿರುವುದು ರಾಮಪತ್ರೆ ಜಡ್ಡಿ. ಹಳ್ಳದ ಬದಿಯಲ್ಲಿ ಬೇಸಿಗೆಯಲ್ಲೂ ನೀರು ಜಿನುಗುವ ಕೆಸರು, ಅದರಲ್ಲಿ ಕಾಡುಜಾಯಿಕಾಯಿಯ ಬಳಗದ ಮರಗಳು. ಕೆಸರೊಳಗೆ ಉಸಿರಾಡಲು ಗಾಳಿ ಸಾಲದು. ಹಾಗಾಗಿ ಬೇರುಗಳು ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಮಣ್ಣಿಗೆ ಇಳಿಯುತ್ತವೆ. ಗೇರಿನ ಬಳಗದ ಒಂದು ಮರ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್, ವಿಜ್ಞಾನಕ್ಕೆ ಪರಿಚಯವಾದದ್ದೇ 2000ದಲ್ಲಿ, ಇಲ್ಲಿಂದಲೇ! ಇಂಥ ಕೆಸರಿನಲ್ಲಿ ಬೂಟು ಊರಿ ಸಸಿ ತುಳಿಯಬೇಡಿ, ದಡದಲ್ಲೇ ನಿಂತರೆ ಸಾಕಷ್ಟು ಕಾಣುತ್ತದೆ. ಒಳಗೆ ನಡೆಯಲೇಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಕೇಳಿ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ ಹತ್ತುತ್ತದೆ, ಹತ್ತಲಿ ಬಿಡಿ.

ನೆತ್ತಿಯ ಮೇಲಿರುವವನು ಸಿಂಗಳೀಕ. ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಇನ್ಯಾವ ಕಾಡಲ್ಲೂ ಇಲ್ಲದ ಮಂಗ. ಅವನನ್ನು ಕಣ್ಣಿಂದ ಹುಡುಕಿದರೆ ಸಿಗುವುದು ಕಷ್ಟ, ಕಿವಿಯಿಂದ ಹುಡುಕಿ. ಗಾಳಿಯಿಲ್ಲದ ಹೊತ್ತಲ್ಲಿ ಒಂದೇ ಮರ ಅಲುಗುತ್ತಿದ್ದು, ಅರ್ಧ ತಿಂದ ಹಣ್ಣು ತಪತಪನೆ ಬೀಳುತ್ತಿದ್ದರೆ ಅಲ್ಲೇ ನಿಲ್ಲಿ. ಮಾತಾಡಬೇಡಿ. ಸ್ವಲ್ಪ ಹೊತ್ತಿಗೆ ಎಲೆಗಳ ನಡುವೆ ಕಪ್ಪು ಮುಖ, ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಒಬ್ಬ ಕಂಡರೆ ಹಿಂದೆಯೇ ಇಡೀ ಸಂಸಾರ ಇರುತ್ತದೆ. ದಡಬಡ ನಡೆದು ಕಾಡು ಮುಗಿಸುವವರಿಗೆ ಇದು ದಕ್ಕುವುದಿಲ್ಲ.

ಈ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಿಗೆ ಸೇರಿತು, 2019ರಲ್ಲಿ ಆ ಮೀಸಲು ಶರಾವತಿ ಅಭಯಾರಣ್ಯದೊಳಗೆ ಸೇರಿತು. ಆದರೆ ಕಾಡಿನ ಹುಳಿಹಣ್ಣಾದ ಉಪ್ಪಾಗೆ ಅವನಿಗೂ ಬೇಕು, ಊರವರಿಗೂ ಬೇಕು. ಪೈಪೋಟಿಗೆ ಬಿದ್ದು ಹಣ್ಣಾಗುವ ಮೊದಲೇ ಕಾಯಿ ಕೊಯ್ದರೆ ಇಬ್ಬರಿಗೂ ನಷ್ಟ. ಊರವರ ಜೀವನದ ಪ್ರಶ್ನೆಯಾದರೂ ನನಗೆ ಅರ್ಥವಾಗುತ್ತದೆ. ಕಾರು ನಿಲ್ಲಿಸಿ ಮಂಗಗಳಿಗೆ ಚಿಪ್ಸ್ ಎಸೆದು ಫೋಟೊ ತೆಗೆಯುವವರದ್ದು ಅರ್ಥವಾಗುವುದಿಲ್ಲ. ತಿಂಡಿಯ ರುಚಿ ಹತ್ತಿದ ಪ್ರಾಣಿ ಮರ ಬಿಟ್ಟು ಡಾಂಬರಿಗೆ ಇಳಿಯುತ್ತದೆ, ತಿರುವಿನಲ್ಲಿ ಲಾರಿ ಬರುತ್ತದೆ. ನೀವು ಹೋಗುವಾಗ ಪೊಟ್ಟಣ ಡಿಕ್ಕಿಯಲ್ಲೇ ಇರಲಿ.