ಇಬ್ಬರೂ ಬಿಳಿಯರಾಗಿರಬೇಕು

ತಂದೆ ತಾಯಿ ಇಬ್ಬರೂ ಬಿಳಿಯರಾಗಿರಬೇಕು. ಬ್ರಿಟಿಷ್ ವೃತ್ತಿಪರ ಬಾಕ್ಸಿಂಗಿನಲ್ಲಿ ದೇಶದ ಚಾಂಪಿಯನ್ ಪಟ್ಟಕ್ಕೆ ಆಡುವವರಿಗಿದ್ದ ಹಳೆಯ ನಿಯಮವೊಂದರ ತಿರುಳು ಇಷ್ಟೇ. ಈ ವಾರ ವೇಲ್ಸ್‌ನ ಬಾಕ್ಸರ್ ಕತ್ಬರ್ಟ್ ಟೇಲರ್ ಅವರ ದಾಖಲೆ ಓದುತ್ತಾ ಈ ಸಾಲಿಗೆ ಬಂದ ಮೇಲೆ ಮುಂದಕ್ಕೆ ಹೋಗಲಾಗಲಿಲ್ಲ. ಯಾವ ಪಂದ್ಯದ ವಿವರ ತೆಗೆದರೂ ಅದೇ ಅಡ್ಡ ಬರುತ್ತದೆ.

ಟೇಲರ್ ಹುಟ್ಟಿದ್ದು 1909ರ ಡಿಸೆಂಬರಿನಲ್ಲಿ, ವೇಲ್ಸ್‌ನ ಮರ್ಥರ್ ಟಿಡ್ವಿಲ್‌ನಲ್ಲಿ. ಕಬ್ಬಿಣ ಮತ್ತು ಕಲ್ಲಿದ್ದಲಿನ ಊರು. ತಂದೆ ಕೆರಿಬಿಯನ್ ಮೂಲದವರು, ತಾಯಿ ವೇಲ್ಸ್‌ನ ಬಿಳಿಯರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಫ್ಲೈವೇಟ್ ಸ್ಪರ್ಧಿ. ಬ್ರಿಟನ್ ಪರವಾಗಿ ಒಲಿಂಪಿಕ್ ರಿಂಗಿಗೆ ಇಳಿದ ಮೊದಲ ಕಪ್ಪು ಬಾಕ್ಸರ್. ಆಗ ವಯಸ್ಸು 18. ಕ್ವಾರ್ಟರ್ ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಫ್ರಾನ್ಸಿನ ಅರ್ಮಾಂಡ್ ಅಪೆಲ್ ಕೊನೆಗೆ ಬೆಳ್ಳಿ ಗೆದ್ದರು.

ಫ್ಲೈವೇಟ್ ಎಂದರೆ 112 ಪೌಂಡ್, ಸುಮಾರು 50.8 ಕಿಲೋ. ತಕ್ಕಡಿಯ ಮುಳ್ಳು ಅದನ್ನು ದಾಟಿದರೆ ಕಣಕ್ಕಿಳಿಯುವಂತಿಲ್ಲ. ಇನ್ನೂ ಬೆಳೆಯುತ್ತಿರುವ ಹುಡುಗ ಕೊನೆಯ ಒಂದೆರಡು ಪೌಂಡನ್ನು ಬೆವರಿನಲ್ಲೇ ಕಳೆಯಬೇಕು: ದಪ್ಪ ಬಟ್ಟೆ ಹಾಕಿ ಓಟ, ಹಗ್ಗ ಜಿಗಿತ, ನೀರಿಗೆ ಕಡಿವಾಣ. ಹೀಗೆ ಒಣಗಿದ ದೇಹ ಮೊದಲ ಸುತ್ತಿನಲ್ಲಿ ಗುಟ್ಟು ಬಿಟ್ಟುಕೊಡುವುದಿಲ್ಲ. ಮೂರನೆಯದರಲ್ಲಿ ಕಾಲು ಭಾರವಾಗುತ್ತದೆ. ಕಾಲು ನಿಂತರೆ ಎದುರಾಳಿಯಿಂದ ಕಾಯ್ದುಕೊಂಡ ದೂರ ತಪ್ಪುತ್ತದೆ, ಎಡಗೈಯ ನೇರ ಚುರುಕು ಏಟು, ಜ್ಯಾಬ್, ಅರ್ಧಕ್ಕೇ ಉಳಿಯುತ್ತದೆ, ಗಲ್ಲ ಕಾಯುವ ಬಲಗೈ ಕೆಳಗಿಳಿಯುತ್ತದೆ. ಆ ತೂಕದಲ್ಲಿ ಒಲಿಂಪಿಕ್ಸ್‌ವರೆಗೆ ಹೋದವರ ಶಿಸ್ತು ಎಂಥದ್ದಿರಬೇಕು!

ಅದೇ 1928ರಲ್ಲಿ ಟೇಲರ್ ವೃತ್ತಿಪರರಾದರು. ಅಂಗಿಯ ಮೇಲೆ ದೇಶದ ಗುರುತು ಹೊತ್ತು ಆಡಬಹುದಾಗಿದ್ದವರು ಆ ದೇಶದ ಚಾಂಪಿಯನ್ ಆಗುವಂತಿರಲಿಲ್ಲ. ತಂದೆ ತಾಯಿ ಇಬ್ಬರೂ ಬಿಳಿಯರಾಗಿರಬೇಕು.

ಈ ಬೇಲಿ ಕಿತ್ತುಕೊಂಡದ್ದು ಬರೀ ಬಿರುದನ್ನಲ್ಲ. ವೃತ್ತಿಪರ ಬಾಕ್ಸರನ ಗಳಿಕೆ ನಿಂತಿರುವುದೇ ಪ್ರಶಸ್ತಿ ಪಂದ್ಯದ ಮೇಲೆ. ಆಗ ಇದ್ದದ್ದು ಅರ್ಹತಾ ಪಂದ್ಯ, ಆಮೇಲೆ 15 ಸುತ್ತಿನ ಹೋರಾಟ, ಗೆದ್ದರೆ ಬ್ರಿಟಿಷ್ ಚಾಂಪಿಯನ್ನಿಗೆ ಕೊಡುವ ಲಾನ್ಸ್‌ಡೇಲ್ ಬೆಲ್ಟ್. ಒಬ್ಬ ಚಾಂಪಿಯನ್ ಒಂದು ರಾತ್ರಿಯಲ್ಲಿ ದುಡಿಯುವುದನ್ನು ಬೆಲ್ಟಿಲ್ಲದವನು ಸಣ್ಣ ಸಣ್ಣ ಹಾಲ್‌ಗಳಲ್ಲಿ ಹತ್ತಾರು ಸಲ ಏಟು ತಿಂದು ಕೂಡಿಸಬೇಕು. ಟೇಲರ್ ವೃತ್ತಿಪರರಾಗಿ ಆಡಿದ್ದು ಸುಮಾರು 250 ಪಂದ್ಯ. ನಾಕೌಟ್ ಆದದ್ದು ಒಂದೇ ಒಂದು ಸಲ. ಅಷ್ಟು ಪಂದ್ಯಗಳಲ್ಲಿ ಗಲ್ಲವನ್ನು ಹೀಗೆ ಕಾಯ್ದುಕೊಳ್ಳುವುದು ಬರೀ ಗಟ್ಟಿತನದಿಂದ ಆಗುವಂಥದ್ದಲ್ಲ. ಏಟು ಬರುವ ಮೊದಲೇ ತಲೆ ಅಲ್ಲಿಂದ ಸರಿದಿರಬೇಕು. ಮ್ಯಾಂಚೆಸ್ಟರಿನ ಕಪ್ಪು ಬಾಕ್ಸರ್ ಲೆನ್ ಜಾನ್ಸನ್ ಅವರನ್ನು ತಡೆದದ್ದೂ ಇದೇ ನಿಯಮ.

ಕಾಲವೇ ಹಾಗಿತ್ತು ಎನ್ನುವ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಅದೇ ಕಾಲದಲ್ಲಿ ಹವ್ಯಾಸಿ ಬಾಕ್ಸಿಂಗ್ ಟೇಲರ್ ಅವರನ್ನು ಒಲಿಂಪಿಕ್ಸ್‌ಗೆ ಕಳಿಸಿತ್ತು. ಬೇರೆ ದಾರಿಯಿತ್ತು, ವೃತ್ತಿಪರ ಆಟವನ್ನು ನಿಯಂತ್ರಿಸುತ್ತಿದ್ದ ಬಾಕ್ಸಿಂಗ್ ಬೋರ್ಡಿನವರು ಹಿಡಿಯಲಿಲ್ಲ. ತೂಕ ಹೆಚ್ಚಿದ್ದರೆ ಇಳಿಸಬಹುದು, ಕಾಲ್ಚಳಕ ಸಾಲದಿದ್ದರೆ ಕಲಿಯಬಹುದು. ತಂದೆಯ ಬಣ್ಣಕ್ಕೆ ಮಗ ಯಾವ ಕಸರತ್ತು ಮಾಡಬೇಕಿತ್ತು?

ನಿಯಮ ಹೋದದ್ದು 1948ರಲ್ಲಿ. ಆ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್‌ನಲ್ಲಿ ಕಪ್ಪು ಬಾಕ್ಸರ್ ಡಿಕ್ ಟರ್ಪಿನ್ ಅವರು ವಿನ್ಸ್ ಹಾಕಿನ್ಸ್ ಅವರನ್ನು ಸೋಲಿಸಿ ಬ್ರಿಟಿಷ್ ಮಿಡಲ್‌ವೇಟ್ ಚಾಂಪಿಯನ್ ಆದರು. ಟೇಲರ್ ಅವರಿಗೆ ಆಗ 38.