ಹ್ಯಾಂಡೋವರ್ ಕರಾರು ಮತ್ತು ಗ್ಯಾಂಟ್ಸೆಯ ತಂತಿ ಕಚೇರಿ

ಟೆಲಿಕಾಂ ನೆಟ್‌ವರ್ಕ್ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವಾಗ ಹ್ಯಾಂಡೋವರ್ ಕರಾರು ಬರೆಯುವುದು ನನ್ನ ಕೆಲಸ. ತಂಡಕ್ಕೆ ಹೊಸಬರು ಬಂದರೆ ನಮ್ಮ ಟೆಂಪ್ಲೇಟ್‌ಗಿಂತ ಮೊದಲು 1908ರ ಟಿಬೆಟ್ ವ್ಯಾಪಾರ ನಿಯಮಗಳ ಆರನೇ ಕಲಂ ಓದಿಸುತ್ತೇನೆ.

1903-04ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡನ ದಂಡು ಟಿಬೆಟ್ಟಿಗೆ ನುಗ್ಗಿದಾಗ ಬೆನ್ನಿಗೇ ಟೆಲಿಗ್ರಾಫ್ ತಂತಿಯೂ ಹೋಯಿತು. ದಂಡು ವಾಪಸಾದರೂ ಟಿಬೆಟ್‌ನ ಗ್ಯಾಂಟ್ಸೆ ಪಟ್ಟಣದವರೆಗಿನ ತಂತಿ ಉಳಿಯಿತು, ಅದನ್ನು ನಡೆಸುತ್ತಿದ್ದದ್ದು ಬ್ರಿಟಿಷ್ ಭಾರತ ಸರ್ಕಾರ. 1908ರಲ್ಲಿ ಚೀನಾದ ಜೊತೆ ಮಾತಿಗೆ ಕೂತ ಬ್ರಿಟಿಷರು ತಂತಿಯನ್ನು ಕೊಡುವುದಿಲ್ಲ ಎನ್ನಲಿಲ್ಲ. ಚೀನಾದ ಕಡೆಯಿಂದ ತಂತಿ ಗ್ಯಾಂಟ್ಸೆ ಮುಟ್ಟಲಿ, ಆಮೇಲೆ ಹಸ್ತಾಂತರವನ್ನು ಪರಿಶೀಲಿಸುತ್ತೇವೆ ಎಂದು ಆ ಆರನೇ ಕಲಂನಲ್ಲಿ ಬರೆದರು. ಬರೀ ಪರಿಶೀಲನೆ! ಅಲ್ಲಿಯವರೆಗೆ ಚೀನೀ, ಟಿಬೆಟನ್ ಸಂದೇಶಗಳು ಇದೇ ತಂತಿಯಲ್ಲಿ ಹೋಗಬೇಕು, ತಂತಿ ಕಾಯುವ ಹೊಣೆ ಚೀನಾದ್ದು. ದಾರಿಯ 11 ತಂಗುಮನೆಗಳನ್ನು ಚೀನಾ ಮೂಲಬೆಲೆಗೆ ಕೊಂಡು ಭಾರತ ಸರ್ಕಾರಕ್ಕೇ ಬಾಡಿಗೆಗೆ ಕೊಡಬೇಕು. ಪ್ರತಿಯೊಂದರಲ್ಲೂ ಅರ್ಧ ಭಾಗ ತಂತಿ ನೋಡಿಕೊಳ್ಳುವ ಬ್ರಿಟಿಷ್ ಸಿಬ್ಬಂದಿಗೆ ಮೀಸಲು. ಬರೆದವನ ಕೈಗೆ ಚಿನ್ನದ ಕಡಗ ತೊಡಿಸಬೇಕು.

ಇಂದಿನ ಕರಾರುಗಳಲ್ಲೂ ಮಾಲೀಕತ್ವದ ಸಾಲಿಗೆ ಎಲ್ಲರೂ ಜಗಳವಾಡುತ್ತಾರೆ. ಷರತ್ತು ಪೂರೈಸಿತು ಎಂದು ಹೇಳುವವರು ಯಾರು, ಗಡುವು ಯಾವತ್ತು ಎಂದು ಕೇಳುವವರು ಕಡಿಮೆ. "ಕೊಳ್ಳುವವರ ಬಿಲ್ಲಿಂಗ್ ಸಿದ್ಧವಾದ ಮೇಲೆ ರೂಟರ್‌ಗಳ ಅಡ್ಮಿನ್ ಪಾಸ್‌ವರ್ಡ್ ಕೊಡಲಾಗುವುದು" ಎಂಬ ಕರಡು ನನ್ನ ಮೇಜಿಗೇ ಬಂದಿದೆ. ಸಿದ್ಧವಾಗಿದೆ ಎಂದು ಒಪ್ಪಬೇಕಾದವರು ಮಾರುವವರೇ.

1947ರ ನಂತರ ಟಿಬೆಟ್‌ನ ಆ ತಂತಿ ಕಚೇರಿಗಳು ಸ್ವತಂತ್ರ ಭಾರತಕ್ಕೆ ಬಂದವು. ಟಿಬೆಟ್‌ನಲ್ಲಿ ಪರದೇಶದವರು ಈಗ ನಾವು. ಚೀನೀ ಸೈನ್ಯ ಲಾಸಾ ತಲುಪಿದ ಮೇಲೆ ಹಳೆಯ ಷರತ್ತು ಕಾಗದಕ್ಕಷ್ಟೇ ಉಳಿಯಿತು. 1953ರ ಡಿಸೆಂಬರ್ ಕೊನೆಗೆ ಬೀಜಿಂಗ್‌ನಲ್ಲಿ ಭಾರತ-ಚೀನಾ ಮಾತುಕತೆ ಶುರುವಾಗಿ, 1954ರ ಏಪ್ರಿಲ್ 29ರಂದು ನಮ್ಮ ರಾಯಭಾರಿ ಎನ್. ರಾಘವನ್ ಟಿಬೆಟ್ ಕುರಿತ ಒಪ್ಪಂದಕ್ಕೆ ಸಹಿ ಹಾಕಿದರು. ಅಂದೇ ವಿನಿಮಯವಾದ ಪತ್ರಗಳಲ್ಲಿ ಟಿಬೆಟ್‌ನ ಯಾತುಂಗ್, ಗ್ಯಾಂಟ್ಸೆಯಲ್ಲಿದ್ದ ಭಾರತದ ಬೆಂಗಾವಲು ಸೈನಿಕರ ವಾಪಸಾತಿಗೆ ಆರು ತಿಂಗಳ ಗಡುವಿತ್ತು. ಅಂಚೆ, ತಂತಿ, ಟೆಲಿಫೋನ್ ಸೇವೆಯನ್ನು ಸಲಕರಣೆ ಸಮೇತ ಸಮಂಜಸ ಬೆಲೆಗೆ ಚೀನಾಕ್ಕೆ ಕೊಡುವುದು ಎಂದಿತ್ತು. ಎಷ್ಟು ಬೆಲೆ, ಹೇಗೆ ಎಂಬುದು ಮುಂದಿನ ಮಾತುಕತೆಗೆ.

ಆ ಜುಲೈನಲ್ಲಿ ಪ್ರವಾಹ ಗ್ಯಾಂಟ್ಸೆಯ ಭಾರತೀಯ ವ್ಯಾಪಾರ ಏಜೆನ್ಸಿಯನ್ನೇ ಕೊಚ್ಚಿಕೊಂಡು ಹೋಯಿತು, ಜನರೂ ಸತ್ತರು. ಸಹಿಗೂ ಹಸ್ತಾಂತರಕ್ಕೂ ನಡುವೆ ಆಸ್ತಿ ಹಾಳಾದರೆ ನಷ್ಟ ಯಾರ ತಲೆಗೆ ಎಂಬ ಕಲಂ ಯಾಕೆ ಬೇಕು ಎಂದು ಹುಡುಗರಿಗೆ ಬೇರೆ ಉದಾಹರಣೆ ಕೊಡಬೇಕಾಗಿಲ್ಲ.

1955ರ ಏಪ್ರಿಲ್‌ನಲ್ಲಿ ಹಸ್ತಾಂತರವಾದಾಗ ತಂತಿ ಸಲಕರಣೆಗಳನ್ನು ಭಾರತ ಪುಕ್ಕಟೆ ಕೊಟ್ಟಿತು. "ಯಾಕ್ ಸಾರ್ ಪುಕ್ಕಟೆ?" ಎಂದು ತಂಡದಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಸೈನ್ಯವೂ ಆಡಳಿತವೂ ಅವರದೇ ಆದ ನೆಲದಲ್ಲಿ ನಮ್ಮ ಕಂಬಗಳನ್ನು ಕಿತ್ತು ತರಲು ಆಗುತ್ತಿತ್ತೇ? ಕೇಳುವುದೇನಿದ್ದರೂ 1954ರ ಸಹಿಗೆ ಮೊದಲು ಕೇಳಬೇಕಿತ್ತು.